ಚೀಟಿಯಲ್ಲಿ ಬರೆಯದ ಕಿಲೊ

ಅಣ್ಣಿಗೇರಿ ಎಂದೊಡನೆ ಸಾಹಿತ್ಯ ಓದಿದವರಿಗೆ ಆದಿಕವಿ ಪಂಪ ನೆನಪಾಗುತ್ತಾನೆ. ಗುಡಿ-ಗೋಪುರ ನೋಡುವ ಹವ್ಯಾಸದವರಿಗೆ ಅಮೃತೇಶ್ವರ ದೇವಾಲಯ ನೆನಪಾಗುತ್ತದೆ. ಆದರೆ ಎರಿ ಹೊಲದ ರೈತನಿಗೆ ಅಣ್ಣಿಗೇರಿ ಎಂದರೆ ಒಂದು ಬೀಜದ ಹೆಸರು. 'ಅಣ್ಣಿಗೇರಿ-1' ಎಂಬ ಕಡಲೆ ತಳಿ ದಶಕಗಳ ಕಾಲ ಉತ್ತರ ಕರ್ನಾಟಕದ ಹಿಂಗಾರಿ ಹೊಲಗಳಲ್ಲಿ ಮನೆಮಾತಾಗಿತ್ತು. ಅದರ ದೊಡ್ಡ ಕುಂದು ಎಂದರೆ ಸೊರಗು ರೋಗ. ಮಣ್ಣಿನಲ್ಲಿ ಅಡಗಿರುವ ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ಒಳನುಗ್ಗಿ ನೀರು ಸಾಗುವ ನಾಳಗಳನ್ನೇ ಕಟ್ಟಿಬಿಡುತ್ತದೆ. ಹಸಿರಾಗಿ ನಿಂತ ಗಿಡ ಹೊಲದಲ್ಲಿ ನೀರಿನಂಶ ಇದ್ದರೂ ಬಾಡಿ ಒಣಗುತ್ತದೆ.

ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಉಪಾಯ ಸ್ವಾರಸ್ಯದ್ದು. ಅಣ್ಣಿಗೇರಿ-1ನ್ನು ಬಿಟ್ಟು ಬೇರೆಯದೇ ತಳಿ ಕೊಡುವ ಬದಲು, ಅದನ್ನೇ ಇಟ್ಟುಕೊಂಡು ಆ ಒಂದು ಕುಂದನ್ನಷ್ಟೇ ತಿದ್ದಲು ಹೊರಟರು. ರೋಗ ತಡೆಯುವ 'ಡಬ್ಲ್ಯೂಆರ್ 315' ಎಂಬ ಕಡಲೆಯೊಂದಿಗೆ ಅದನ್ನು ಸಂಕರ ಮಾಡಿದರು. ಹುಟ್ಟಿದ ಪೀಳಿಗೆಯನ್ನು ಮತ್ತೆ ಮತ್ತೆ ಅಣ್ಣಿಗೇರಿ-1ರ ಜೊತೆಗೇ ಸಂಕರಿಸಿದರು. ಪ್ರತಿ ಸಲವೂ ಹೊರಗಿನ ತಳಿಯ ಪಾಲು ಸರಾಸರಿ ಅರ್ಧಕ್ಕೆ ಇಳಿಯುತ್ತದೆ: ಮೊದಲು ಶೇಕಡಾ 50, ಆಮೇಲೆ 25, 12.5, 6.25. ಹೀಗೆ ಇಳಿಯುವಾಗ ರೋಗ ತಡೆಯುವ ಭಾಗ ಮಾತ್ರ ಕಳೆದುಹೋಗದಂತೆ ಡಿಎನ್‌ಎ ಗುರುತುಗಳ ನೆರವಿನಿಂದ ಕಾಯ್ದುಕೊಂಡರು. ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತು ಹೈದರಾಬಾದ್ ಬಳಿಯ ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ಈ ದುಡಿಮೆಯ ಫಲವೇ 'ಸೂಪರ್ ಅಣ್ಣಿಗೇರಿ-1'. ಅದರ ವಿವರ 2019ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಸ್ಥೂಲವಾಗಿ ಹೇಳುವುದಾದರೆ, ಉಳಿದದ್ದೆಲ್ಲ ಅಪ್ಪನದೇ, ರೋಗ ಎದುರಿಸುವ ಗುಣ ಮಾತ್ರ ಹೊಸದು.

ಕಂಪ್ಯೂಟರ್ ಓದುವ ವಿದ್ಯಾರ್ಥಿಗಳಿಗೆ ಇದು ಎಲ್ಲೋ ಕೇಳಿದ ಮಾತಿನಂತೆ ಕಾಣಬೇಕು. ಪ್ರೋಗ್ರಾಂ ಬರೆಯುವ ಭಾಷೆಗಳಲ್ಲಿ ಇನ್‌ಹೆರಿಟೆನ್ಸ್, ಅಂದರೆ ಆನುವಂಶಿಕತೆ, ಎಂಬುದೊಂದಿದೆ. 1960ರ ದಶಕದಲ್ಲಿ ನಾರ್ವೆಯ ಓಲೆ-ಯೊಹಾನ್ ಡಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್ ಎಂಬ ಇಬ್ಬರು ಸಿಮ್ಯುಲಾ ಎಂಬ ಭಾಷೆಯಲ್ಲಿ ಇದನ್ನು ತಂದರು. ಒಂದು ವರ್ಗವನ್ನು, ಅಂದರೆ ಕ್ಲಾಸನ್ನು, ಬರೆದಿಟ್ಟರೆ ಅದರಿಂದ ಮತ್ತೊಂದನ್ನು ಹುಟ್ಟಿಸಬಹುದು. ಮಗನಿಗೆ ಅಪ್ಪನ ಎಲ್ಲ ಕೆಲಸವೂ ಬರುತ್ತದೆ. ಬೇಕಾದ ಕೆಲಸವನ್ನು ಮಗ ತನ್ನದೇ ರೀತಿಯಲ್ಲಿ ಬದಲಿಸಿಕೊಳ್ಳಬಹುದು. ಇಲ್ಲಿಯವರೆಗೆ ಯಾರಿಗೂ ತೊಡಕಿಲ್ಲ. ತೊಡಕು ಶುರುವಾಗುವುದು ಹೇಳದೇ ಬಿಟ್ಟ ಮಾತಿನಿಂದ.

ಹೇಳದೇ ಬಿಟ್ಟ ಮಾತು ಎಂದರೇನು? ಚಹಾದಂಗಡಿಯಲ್ಲಿ "ಒಂದ್ ಚಾ ಕೊಡ್ರಿ" ಎಂದರೆ ಸಕ್ಕರೆ ಎಷ್ಟೆಂದು ಯಾರೂ ಕೇಳುವುದಿಲ್ಲ. ಹೇಳದಿದ್ದರೆ ಇಂತಿಷ್ಟು ಎಂಬುದು ಅಂಗಡಿಯವನ ವಾಡಿಕೆ. ಸಕ್ಕರೆ ಕಾಯಿಲೆ ಇದ್ದವರು ಮಾತ್ರ ಬಾಯಿಬಿಟ್ಟು "ಸಕ್ರಿ ಬ್ಯಾಡ್ರಿ" ಎನ್ನಬೇಕು. ಪ್ರೋಗ್ರಾಂನಲ್ಲೂ ಒಂದು ಕೆಲಸಕ್ಕೆ ಕೊಡಬೇಕಾದ ಅಂಕಿಯನ್ನು ಕೊಡದೆ ಬಿಟ್ಟರೆ ತಾನಾಗಿ ತುಂಬಿಕೊಳ್ಳುವ ಬೆಲೆಗೆ ಡೀಫಾಲ್ಟ್ ಎನ್ನುತ್ತಾರೆ. ಈ ಶಬ್ದ ಕೇಳಿದರೆ ಊರ ಕಡೆಯ ತಂದೆತಾಯಿಗಳಿಗೆ ಮೊದಲು ಹೊಳೆಯುವುದು ಸೊಸೈಟಿಯ ಸಾಲ ಮತ್ತು ಸುಸ್ತಿದಾರರ ಪಟ್ಟಿ. ಗಾಬರಿ ಬೇಡ. ಶಬ್ದದ ಬೇರು ಮಾತ್ರ ಒಂದೇ: ಬರಬೇಕಾದದ್ದು ಬಾರದೆ ಇರುವುದು. ಬ್ಯಾಂಕಿನಲ್ಲಿ ಬಾರದ್ದು ಕಂತು, ಪ್ರೋಗ್ರಾಂನಲ್ಲಿ ಬಾರದ್ದು ಅಂಕಿ.

ಈಗ ಹೀಗೊಂದು ಮನೆ ಇದೆ ಎಂದು ಇಟ್ಟುಕೊಳ್ಳಿ. ಅಣ್ಣಿಗೇರಿಯಿಂದ ದಿನಾ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ ಬರುವ ಮಗಳು ಬಿಸಿಎ ಓದುತ್ತಿದ್ದಾಳೆ. ತಂದೆಗೆ ಎರಿ ಹೊಲ. ಕಾಲೇಜಿನಲ್ಲಿ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಒಂದು ಸಣ್ಣ ಪ್ರಾಜೆಕ್ಟ್ ಮಾಡಲು ಹೇಳಿದ್ದಾರೆ. ಆಕೆ ಮನೆಗೆ ಬೇಕಾದದ್ದನ್ನೇ ಆರಿಸಿಕೊಂಡಳು: ಎಷ್ಟು ಎಕರೆಗೆ ಎಷ್ಟು ಬೀಜ ಬೇಕು ಎಂಬ ಲೆಕ್ಕ. 'ಕಡಲೆ' ಎಂಬ ಮೂಲ ಕ್ಲಾಸ್ ಮಾಡಿ ಅದರಲ್ಲಿ 'ಬಿತ್ತು' ಎಂಬ ಫಂಕ್ಷನ್ ಬರೆದಳು. ಎಕರೆಗೆ ಎಷ್ಟು ಕಿಲೊ ಎಂದು ಹೇಳದಿದ್ದರೆ 20 ಎಂದು ಡೀಫಾಲ್ಟ್ ಇಟ್ಟಳು. ಅದರಿಂದ 'ಕಾಬೂಲಿ' ಎಂಬ ಮಗ ಕ್ಲಾಸ್ ಹುಟ್ಟಿಸಿ ಅಲ್ಲಿ ಡೀಫಾಲ್ಟನ್ನು 40 ಎಂದು ಬದಲಿಸಿದಳು.

ಈ 40 ಎಲ್ಲಿಂದ ಬಂತು? ಇದು ಶಿಫಾರಸು ಅಲ್ಲ, ಲೆಕ್ಕದ ಅನುಕೂಲಕ್ಕೆ ಹಿಡಿದ ಅಂಕಿ. ಆದರೆ ಅದರ ಹಿಂದಿನ ತತ್ವ ನಿಜವಾದದ್ದು. ಗಿಡಗಳ ಸಂಖ್ಯೆ ಮುಖ್ಯ, ತೂಕ ಅಲ್ಲ. ನೂರು ಕಾಳಿಗೆ 20 ಗ್ರಾಂ ತೂಗುವ ದೇಶಿ ಕಡಲೆ 20 ಕಿಲೊ ಹಾಕಿದರೆ ಎಕರೆಗೆ 1,00,000 ಕಾಳು ಬೀಳುತ್ತದೆ. ಬಿಳಿ ಕಾಬೂಲಿ ಕಡಲೆಯ ಕಾಳು ದಪ್ಪ. ನೂರಕ್ಕೆ 40 ಗ್ರಾಂ ತೂಗುವ ತಳಿಯಾದರೆ ಅಷ್ಟೇ ಕಾಳಿಗೆ 40 ಕಿಲೊ ಬೇಕು. 20 ಕಿಲೊ ಮಾತ್ರ ಹಾಕಿದರೆ ಹೊಲದಲ್ಲಿ 50,000 ಕಾಳು. ಅರ್ಧ ಹೊಲ ಬರಿದು.

ಮಗಳು ಮೂರು ಎಕರೆ ಕಾಬೂಲಿಗೆ ಲೆಕ್ಕ ಓಡಿಸಿದಳು. ಪರದೆಯ ಮೇಲೆ ಬಂದದ್ದು: ಕಾಬೂಲಿ ಕಡಲೆ, ಬೇಕಾದ ಬೀಜ 60 ಕಿಲೊ. ಪಕ್ಕದಲ್ಲಿ ಕುಳಿತ ತಂದೆಗೆ ಇಂಗ್ಲಿಷೂ ಬಾರದು, ಸಿ ಪ್ಲಸ್ ಪ್ಲಸ್ಸೂ ಬಾರದು. ಆದರೆ ಅಂಕಿ ಓದಲು ಬರುತ್ತದೆ.

"ಏನವಾ, ಕಾಬೂಲಿಗೂ ಎಕರೆಕ್ಕ ಇಪ್ಪತ್ತಽ ಅನ್ನಾಕತ್ತೈತಲ್ಲ ನಿನ್ನ ಮಷೀನು? ಕಾಳ ನೋಡೈತೇನ ಅದು?"

"ಇಲ್ಲಪ್ಪಾ, ನಾ ನಲವತ್ತಽ ಬರದೇನಿ, ನೋಡ ಇಲ್ಲಿ."

ಆಕೆ ತೋರಿಸಿದ್ದು ಸುಳ್ಳಲ್ಲ. ಅಲ್ಲಿ 40 ಎಂದೇ ಇತ್ತು. ಕೆಲಸ ಮಾಡಿದ್ದೂ ಕಾಬೂಲಿಯ 'ಬಿತ್ತು' ಫಂಕ್ಷನ್ನೇ. ಪರದೆಯ ಮೇಲೆ ಕಾಬೂಲಿ ಎಂಬ ಹೆಸರು ಬಂದದ್ದೇ ಅದಕ್ಕೆ ಸಾಕ್ಷಿ. ಹಾಗಾದರೆ 20 ಎಂಬ ಅಂಕಿ ಬಂದದ್ದು ಎಲ್ಲಿಂದ? ಅಪ್ಪನಿಂದ, ಅಂದರೆ 'ಕಡಲೆ' ಎಂಬ ಮೂಲ ಕ್ಲಾಸಿನಿಂದ. ಕೈ ಮಗನದು, ಅಳತೆ ಅಪ್ಪನದು. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಇದು ದೋಷವಲ್ಲ, ನಿಯಮವೇ ಹಾಗಿದೆ. ಕಂಪೈಲರ್ ಇದನ್ನು ತಪ್ಪೆಂದು ತಡೆಯುವುದಿಲ್ಲ.

ಯಾಕೆ ಹೀಗೆ ಎಂಬುದನ್ನು ಬೀಜದ ಗೋದಾಮಿಗೆ ಹೋಗಿ ನೋಡಿದರೆ ತಿಳಿಯುತ್ತದೆ. ಮುಂದೆ ಮೇಜಿನ ಹತ್ತಿರ ಗುಮಾಸ್ತ, ಹಿಂದೆ ಗೋದಾಮಿನಲ್ಲಿ ಚೀಲ ಎತ್ತಿಕೊಡುವವನು. ರೈತ ಬಂದು "ಕಡಲಿ ಬೀಜ, ಮೂರ ಎಕರೆ" ಎನ್ನುತ್ತಾನೆ. ಎಕರೆಗೆ ಎಷ್ಟು ಎಂಬುದನ್ನು ಹೇಳುವುದಿಲ್ಲ. ಖಾಲಿ ಬಿಟ್ಟ ಚೀಟಿ ಗೋದಾಮಿಗೆ ಹೋಗುವ ಹಾಗಿಲ್ಲ. ಎಲ್ಲ ಜಾಗವೂ ತುಂಬಿರಬೇಕು ಎಂಬುದು ಕಟ್ಟುನಿಟ್ಟು. ಗುಮಾಸ್ತನಿಗೆ ಕಾಣುವುದು 'ಕಡಲೆ' ಎಂಬ ಶಬ್ದ ಒಂದೇ. ಪಟ್ಟಿ ನೋಡುತ್ತಾನೆ, ಕಡಲೆಗೆ 20 ಎಂದಿದೆ, ಬರೆದು ಚೀಟಿ ಹಿಂದಕ್ಕೆ ಕಳಿಸುತ್ತಾನೆ. ಆ ರೈತನ ಪಾಲಿಗೆ ಬಂದ ಚೀಲ ಕಾಬೂಲಿಯದು ಎಂಬುದು ಗೊತ್ತಿರುವುದು ಗೋದಾಮಿನವನಿಗೆ. ಆದರೆ ಚೀಟಿಯಲ್ಲಿ ಅಂಕಿ ಆಗಲೇ ತುಂಬಿದೆ. ಅದನ್ನು ರೈತನೇ ಹೇಳಿದ್ದೋ ಗುಮಾಸ್ತ ತುಂಬಿದ್ದೋ ಎಂದು ತಿಳಿಯುವ ದಾರಿ ಅವನಿಗಿಲ್ಲ. ಅವನು ಕಾಬೂಲಿಯನ್ನೇ 20ರ ಲೆಕ್ಕದಲ್ಲಿ ತೂಗಿ ಕೊಡುತ್ತಾನೆ.

ಗುಮಾಸ್ತ ಎಂದರೆ ಕಂಪೈಲರ್. ಬರೆದ ಪ್ರೋಗ್ರಾಂ ಓಡುವುದಕ್ಕೆ ಮುಂಚೆಯೇ ಅದನ್ನು ಓದಿ ಯಂತ್ರದ ಭಾಷೆಗೆ ಇಳಿಸುವವನು. ಗೋದಾಮು ಎಂದರೆ ಪ್ರೋಗ್ರಾಂ ಓಡುವ ಹೊತ್ತು. ಮಗಳು ತನ್ನ ಪ್ರೋಗ್ರಾಂನಲ್ಲಿ ಎಲ್ಲ ತಳಿಗಳನ್ನೂ 'ಕಡಲೆ'ಯ ಪಾಯಿಂಟರ್ ಮೂಲಕ ಹಿಡಿದಿದ್ದಳು. ಹತ್ತು ತಳಿಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಲು ಅದೇ ಸರಿಯಾದ ಕ್ರಮ, ಪಠ್ಯಪುಸ್ತಕಗಳು ಕಲಿಸುವುದೂ ಅದನ್ನೇ. 'ಬಿತ್ತು' ಫಂಕ್ಷನ್ನಿಗೆ ವರ್ಚುವಲ್ ಎಂಬ ಶಬ್ದ ಸೇರಿಸಿದ್ದಳು. ಆದ್ದರಿಂದ ಯಾರ 'ಬಿತ್ತು' ಎಂಬ ತೀರ್ಮಾನ ಓಡುವಾಗ, ನಿಜವಾದ ವಸ್ತುವನ್ನು ನೋಡಿ ಆಯಿತು. ಆದರೆ ಬಿಟ್ಟುಹೋದ ಅಂಕಿ ಯಾವುದು ಎಂಬ ತೀರ್ಮಾನ ಅದಕ್ಕೂ ಮೊದಲೇ, ಪಾಯಿಂಟರಿನ ಮೇಲೆ ಬರೆದ ಹೆಸರು ನೋಡಿ ಆಗಿಹೋಗಿತ್ತು. ಒಂದೇ ಸಾಲಿನ ಎರಡು ತೀರ್ಮಾನಗಳು ಎರಡು ಬೇರೆ ಹೊತ್ತಿನಲ್ಲಿ, ಎರಡು ಬೇರೆ ಕಡೆ ಆಗುತ್ತವೆ. ಗಂಟು ಇರುವುದು ಇಲ್ಲೇ.

ಸಿ ಪ್ಲಸ್ ಪ್ಲಸ್ ಭಾಷೆಯನ್ನು ರೂಪಿಸಿದವರು ಡೆನ್ಮಾರ್ಕಿನ ಬ್ಯಾರ್ನೆ ಸ್ಟ್ರೌಸ್ಟ್ರುಪ್. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1979ರಲ್ಲಿ ಕೆಲಸ ಆರಂಭಿಸಿದರು. 1985ರಲ್ಲಿ ಅದು ಮಾರುಕಟ್ಟೆಗೆ ಬಂತು. ಮೊದಲೇ ಮಾಡಿ ಮುಗಿಸಬಹುದಾದ ಕೆಲಸವನ್ನು ಓಡುವ ಹೊತ್ತಿಗೆ ಉಳಿಸಬಾರದು ಎಂಬುದು ಆ ಭಾಷೆಯ ಸ್ವಭಾವ. ಡೀಫಾಲ್ಟನ್ನೂ ಗೋದಾಮಿನಲ್ಲೇ ಹುಡುಕಬೇಕೆಂದರೆ ಪ್ರತಿ ಕರೆಗೂ ಒಂದಿಷ್ಟು ಹೆಚ್ಚಿನ ಓಡಾಟ. ವೇಗಕ್ಕಾಗಿ ತೆತ್ತ ಬೆಲೆ ಇದು. ಕಂಪ್ಯೂಟರಿನ ನೆನಪೂ ವೇಗವೂ ದುಬಾರಿಯಾಗಿದ್ದ ಕಾಲಕ್ಕೆ ಅದು ಸರಿಯಾದ ವ್ಯಾಪಾರವೇ ಇರಬಹುದು. ಆದರೆ ಆ ಬೆಲೆಯನ್ನು ತೆರುವವರು ಭಾಷೆ ಮಾಡಿದವರಲ್ಲ, ಬಳಸುವವರು ಎಂಬುದನ್ನೂ ಹೇಳಬೇಕು. ಅಮೆರಿಕದ ಸ್ಕಾಟ್ ಮೇಯರ್ಸ್ 1992ರಲ್ಲಿ ಬರೆದ 'ಎಫೆಕ್ಟಿವ್ ಸಿ ಪ್ಲಸ್ ಪ್ಲಸ್' ಪುಸ್ತಕದಲ್ಲಿ, ಅಪ್ಪನಿಂದ ಬಂದ ಡೀಫಾಲ್ಟನ್ನು ಮಗ ಎಂದೂ ಬದಲಿಸಬಾರದು ಎಂದು ಎಚ್ಚರಿಸಿದ್ದಾರೆ. ಗೂಗಲ್ ಕಂಪನಿಯ ನಿಯಮಾವಳಿ ಇನ್ನೂ ಬಿಗಿ: ವರ್ಚುವಲ್ ಫಂಕ್ಷನ್ನಿಗೆ ಡೀಫಾಲ್ಟ್ ಕೊಡುವುದೇ ಬೇಡ ಎನ್ನುತ್ತದೆ.

ಪರೀಕ್ಷೆಗೆ ಕೂರುವವರಿಗೆ ಇನ್ನೊಂದು ಸೂಕ್ಷ್ಮ. ಕಾಬೂಲಿಯಲ್ಲಿ 40 ಎಂದೂ ಬರೆಯದೆ, 20 ಎಂದೂ ಬರೆಯದೆ, ಡೀಫಾಲ್ಟ್ ಇಲ್ಲದೆಯೇ 'ಬಿತ್ತು'ವನ್ನು ಹೊಸದಾಗಿ ಬರೆದರೆ ಏನಾಗುತ್ತದೆ? ಅಪ್ಪನ 20 ತಾನಾಗಿ ಬರುತ್ತದೆ ಎಂದು ಬಹಳ ಜನ ಉತ್ತರಿಸುತ್ತಾರೆ. ಅದು ತಪ್ಪು. ಕಡಲೆಯ ಪಾಯಿಂಟರ್ ಮೂಲಕ ಕರೆದರೆ 20 ಬರುತ್ತದೆ, ನಿಜ. ಕಾಬೂಲಿ ಎಂದೇ ಹೆಸರಿಟ್ಟು ನೇರವಾಗಿ, ಅಂಕಿ ಕೊಡದೆ ಕರೆದರೆ ಕಂಪೈಲರ್ ಒಪ್ಪುವುದೇ ಇಲ್ಲ. ವಸ್ತು ಒಂದೇ, ಕರೆಯುವ ಹೆಸರು ಬೇರೆಯಾದರೆ ಒಂದು ಕಡೆ ಕೆಲಸ, ಇನ್ನೊಂದು ಕಡೆ ತಕರಾರು.

ಉಳಿದ ಭಾಷೆಗಳವರು ಈ ಗಂಟನ್ನು ಬಿಡಿಸಿಕೊಂಡ ರೀತಿ ಒಂದೊಂದು ಊರಿನ ಪದ್ಧತಿಯಂತೆ. 1995ರಲ್ಲಿ ಬಂದ ಜಾವಾ ಭಾಷೆಯಲ್ಲಿ ಡೀಫಾಲ್ಟೇ ಇಲ್ಲ. ಬೇಕಿದ್ದರೆ ಅಂಕಿ ಕೇಳುವ 'ಬಿತ್ತು' ಒಂದು, ಅಂಕಿ ಕೇಳದ 'ಬಿತ್ತು' ಇನ್ನೊಂದು ಎಂದು ಎರಡು ಬರೆಯಬೇಕು. ಮೈಗಳ್ಳರಿಗೆ ಬೇಸರ, ಆದರೆ ಮೋಸವಿಲ್ಲ. ಅಂಕಿ ಕೇಳದ ಫಂಕ್ಷನ್ನನ್ನೂ ಮಗ ಬದಲಿಸಿಕೊಳ್ಳಬಹುದಾದ್ದರಿಂದ 40 ಎಂಬುದು ಸರಿಯಾಗಿಯೇ ಬರುತ್ತದೆ. ಮೈಕ್ರೋಸಾಫ್ಟ್‌ನ ಸಿ ಶಾರ್ಪ್ ಬಹಳ ದಿನ ಡೀಫಾಲ್ಟ್ ಇಲ್ಲದೆಯೇ ನಡೆಯಿತು. 2010ರಲ್ಲಿ ತಂದಾಗ ಸಿ ಪ್ಲಸ್ ಪ್ಲಸ್ಸಿನ ಹಾದಿಯನ್ನೇ ಹಿಡಿಯಿತು, ಗುಮಾಸ್ತ ಮೊದಲೇ ತುಂಬುವ ಹಾದಿ. ಕಾಟ್ಲಿನ್ ಎಂಬ ಹೊಸ ಭಾಷೆ ಜಗಳವೇ ಬೇಡವೆಂದು, ಬದಲಿಸಿ ಬರೆಯುವ ಮಗ ಡೀಫಾಲ್ಟನ್ನು ಮತ್ತೆ ಬರೆಯುವುದನ್ನೇ ನಿಷೇಧಿಸಿತು. ಅಲ್ಲಿ ಅಪ್ಪ ಹೇಳಿದ್ದೇ ಕೊನೆ, ಬೇರೆ ಬರೆದರೆ ಕಂಪೈಲರ್ ನಿಲ್ಲಿಸುತ್ತದೆ.

ಪೈಥಾನ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ರಾಜ್ಯದ ಪಿಯುಸಿ ಕಂಪ್ಯೂಟರ್ ಸೈನ್ಸ್ ಪಠ್ಯದಲ್ಲಿ ಬಹಳ ವರ್ಷ ಸಿ ಪ್ಲಸ್ ಪ್ಲಸ್ ಇತ್ತು, ಈಚೆಗೆ ಪೈಥಾನ್ ಬಂದಿದೆ. ಅಣ್ಣ ಒಂದು ಭಾಷೆ ಓದಿ, ತಂಗಿ ಇನ್ನೊಂದು ಓದುವ ಮನೆಗಳು ಎಷ್ಟೋ ಇವೆ. ಇಬ್ಬರೂ ಒಂದೇ ಲೆಕ್ಕ ಬರೆದು ಬೇರೆ ಬೇರೆ ಉತ್ತರ ಬಂದರೆ ಆಶ್ಚರ್ಯಪಡಬೇಕಿಲ್ಲ. ಪೈಥಾನ್‌ನಲ್ಲಿ ಡೀಫಾಲ್ಟ್ ಇರುವುದು ಗುಮಾಸ್ತನ ಪಟ್ಟಿಯಲ್ಲಲ್ಲ, ಫಂಕ್ಷನ್ನಿನ ಒಡಲಲ್ಲೇ. ಚೀಟಿ ಖಾಲಿಯಾಗಿಯೇ ಗೋದಾಮಿಗೆ ಹೋಗುತ್ತದೆ, ಚೀಲದ ಮೇಲೆ ಬರೆದದ್ದನ್ನು ನೋಡಿ ಗೋದಾಮಿನವನು ತುಂಬುತ್ತಾನೆ. ಆದ್ದರಿಂದ ಕಾಬೂಲಿಗೆ 40 ಸಿಗುತ್ತದೆ.

ಹಾಗೆಂದು ಪೈಥಾನ್ ಪೂರಾ ಸಾಚಾ ಎಂದು ತಿಳಿಯಬೇಡಿ. ಅಲ್ಲಿ ಡೀಫಾಲ್ಟ್ ಬೆಲೆ ತಯಾರಾಗುವುದು ಒಂದೇ ಸಲ, ಫಂಕ್ಷನ್ನಿನ ವ್ಯಾಖ್ಯೆಯನ್ನು ಓದಿದ ಹೊತ್ತಿಗೆ. 20, 40ರಂಥ ಅಂಕಿಗೆ ಇದರಿಂದ ತೊಂದರೆಯಿಲ್ಲ. ಆದರೆ 'ಖಾಲಿ ಪಟ್ಟಿ' ಎಂದು ಡೀಫಾಲ್ಟ್ ಇಟ್ಟು ಅದಕ್ಕೆ ಹೆಸರು ಸೇರಿಸುತ್ತ ಹೋದರೆ, ಪ್ರತಿ ಕರೆಗೂ ಸಿಗುವುದು ಅದೇ ಹಳೆಯ ಪಟ್ಟಿ. ಮೊದಲನೆಯ ರೈತನ ಹೆಸರು ಎರಡನೆಯವನ ಖಾತೆಯಲ್ಲಿ ಕಾಣಿಸಿಕೊಳ್ಳುತ್ತದೆ. ಒಂದೇ ಖಾತೆಪುಸ್ತಕವನ್ನು ಎಲ್ಲರಿಗೂ ಹೊಸದೆಂದು ತೋರಿಸಿದ ಹಾಗೆ. ಅನುಭವಿಗಳು ಅಲ್ಲಿ 'ಏನೂ ಇಲ್ಲ' ಎಂಬರ್ಥದ 'ನನ್' ಇಟ್ಟು, ಒಳಗೆ ಹೋದ ಮೇಲೆ ಹೊಸ ಪಟ್ಟಿ ಮಾಡಿಕೊಳ್ಳುತ್ತಾರೆ.

ಗುಮಾಸ್ತ ಮೊದಲೇ ತುಂಬುವ ಪದ್ಧತಿಗೆ ಮತ್ತೊಂದು ಬಾಲವಿದೆ. ಪಟ್ಟಿಯಲ್ಲಿನ 20ನ್ನು ಮುಂದೆ 25 ಎಂದು ತಿದ್ದಿದರೂ, ಮೊದಲೇ ಬರೆದು ಕಳಿಸಿದ ಚೀಟಿಗಳಲ್ಲಿ 20 ಹಾಗೆಯೇ ಉಳಿದಿರುತ್ತದೆ. ಸಿ ಪ್ಲಸ್ ಪ್ಲಸ್, ಸಿ ಶಾರ್ಪ್ ಎರಡರಲ್ಲೂ, ಆ ಫಂಕ್ಷನ್ನನ್ನು ಕರೆಯುವ ಪ್ರೋಗ್ರಾಂಗಳನ್ನು ಮತ್ತೆ ಕಂಪೈಲ್ ಮಾಡುವ ತನಕ ಹಳೆಯ ಅಂಕಿಯೇ ನಡೆಯುತ್ತಿರುತ್ತದೆ. ಒಂದು ಕಡೆ ತಿದ್ದಿದೆವು, ಎಲ್ಲ ಕಡೆ ತಿದ್ದುಪಡಿಯಾಯಿತು ಎಂದು ನಂಬಿ ಕೂತವರಿಗೆ ಗೊತ್ತಾಗುವುದು ತಡವಾಗಿ. ಎರಡು ಕಡೆ ಎರಡು ಅಂಕಿ ಓಡುತ್ತವೆ, ಎರಡೂ ತಮ್ಮ ತಮ್ಮ ಮಟ್ಟಿಗೆ ಸರಿ!

ಇನ್ನು ಆ ಮನೆಯ ಮಾತು. ಮಗಳಿಗೆ ಎರಡು ದಿನ ತಲೆಕೆಟ್ಟಿತು. ಪ್ರೋಗ್ರಾಂ ಎಲ್ಲೂ ನಿಲ್ಲದೆ, ಒಂದು ಎಚ್ಚರಿಕೆಯನ್ನೂ ಕೊಡದೆ ಓಡುತ್ತಿತ್ತು. ಕೆಟ್ಟು ನಿಲ್ಲುವ ಪ್ರೋಗ್ರಾಂ ಒಂದು ರೀತಿಯಲ್ಲಿ ಉಪಕಾರಿ, ಸುಳ್ಳನ್ನು ಸಲೀಸಾಗಿ ಹೇಳುವುದು ಹಾಗಲ್ಲ. ತಂದೆಗೆ ಕಾಬೂಲಿ ಕಾಳಿನ ಗಾತ್ರ ಗೊತ್ತಿರದಿದ್ದರೆ 60 ಕಿಲೊ ಎಂಬ ಉತ್ತರಕ್ಕೆ ಕಾಲೇಜಿನಲ್ಲಿ ಪೂರ್ತಿ ಅಂಕವೂ ಬಂದಿರುತ್ತಿತ್ತು.

ಕೊನೆಗೆ ಆಕೆ 'ಬಿತ್ತು' ಫಂಕ್ಷನ್ನಿನ ಡೀಫಾಲ್ಟನ್ನು ತೆಗೆದೇ ಹಾಕಿದಳು. ಅದರ ಬದಲು 'ಪ್ರಮಾಣ' ಎಂಬ ಇನ್ನೊಂದು ವರ್ಚುವಲ್ ಫಂಕ್ಷನ್ ಬರೆದಳು. ಅದು ಏನನ್ನೂ ಕೇಳುವುದಿಲ್ಲ, ತನ್ನ ಅಳತೆಯನ್ನು ಹೇಳುತ್ತದೆ ಅಷ್ಟೆ. ಕಡಲೆಯ 'ಪ್ರಮಾಣ' 20 ಎನ್ನುತ್ತದೆ, ಕಾಬೂಲಿಯ 'ಪ್ರಮಾಣ' 40 ಎನ್ನುತ್ತದೆ. ಅಂಕಿ ಬೇಕಾದಾಗ ಗುಮಾಸ್ತನ ಪಟ್ಟಿಯ ಬದಲು ಚೀಲವನ್ನೇ ಕೇಳುವ ಏರ್ಪಾಡು. ಸೂಪರ್ ಅಣ್ಣಿಗೇರಿ-1ಕ್ಕೆ ಒಂದು ಮಗ ಕ್ಲಾಸ್ ಮಾಡಿ ಅಲ್ಲಿ 'ಪ್ರಮಾಣ' ಬರೆಯಲೇ ಇಲ್ಲ. ಅದು ಅಪ್ಪನ 20ನ್ನೇ ತೆಗೆದುಕೊಂಡಿತು. 'ಸೊರಗು ರೋಗ' ಎಂಬ ಫಂಕ್ಷನ್ ಮಾತ್ರ ಅದರದ್ದೇ ಬೇರೆ.

ಮೂರು ಎಕರೆ ಕಾಬೂಲಿಗೆ ಈಗ 120 ಕಿಲೊ ಎಂದು ಬಂತು. ತಂದೆ ಕನ್ನಡಕ ಸರಿಮಾಡಿಕೊಂಡು ಪರದೆ ನೋಡಿದ.

"ಈಗ ಬರೋಬರಿ ಆತ ನೋಡವಾ. ಆದರ ಹೊಲದಾಗ ಹಸಿ ಎಷ್ಟ ಐತಿ ಅಂತ ಕೇಳೂದಿಲ್ಲೇನ ಅದು? ಮಳಿ ಹಿಂದ ಸರದರ ಇದಽ ಲೆಕ್ಕ ನಡೀತೈತೇನ?"

ಮಗಳು ಮತ್ತೆ ಕೀಲಿಮಣೆ ಎಳೆದುಕೊಂಡು 'ಬಿತ್ತು'ವಿಗೆ ಹೊಸದೊಂದು ಅಂಕಿ ಸೇರಿಸಿದಳು: ಮಣ್ಣಿನ ತೇವ. ಅದಕ್ಕೆ ಡೀಫಾಲ್ಟ್ ಇಡಲಿಲ್ಲ. ಈಗ ಆ ಅಂಕಿ ಕೊಡದೆ ಬರೆದರೆ ಕಂಪೈಲರ್ ಸಾಲಿನ ನಂಬರು ಹೇಳಿ ಪ್ರೋಗ್ರಾಮನ್ನು ವಾಪಸು ಕಳಿಸುತ್ತದೆ.